ಮರಿಗೆ 12 ಸಾವಿರ, ದಂಡ ನೂರೇ ರೂಪಾಯಿ: ಪೆಟ್ ಶಾಪ್‌ಗಳಿಗೆ ಹೇಳೋರು ಕೇಳೋರು ಯಾರು?

ಬಾಗಲಕೋಟೆ: ಅಕ್ಕನ ಮನೆಗೆ ಬಂದ ಲ್ಯಾಬ್ರಡಾರ್ ಮರಿ ಬದುಕಿದ್ದು ಒಂಬತ್ತೇ ದಿನ.

ಭಾನುವಾರ ತಂದದ್ದು. ಬೆಲೆ 12 ಸಾವಿರ. ಅಂಗಡಿಯವರು ಒಂದು ಕಾರ್ಡ್ ಕೊಟ್ಟು, "ಎರಡು ತಿಂಗಳ ಆಗೇತ್ರಿ, ಸೂಜಿ ಹಾಕೇತಿ, ಏನೂ ಚಿಂತಿ ಮಾಡಬ್ಯಾಡ್ರಿ" ಅಂದಿದ್ದರು. ಶುಕ್ರವಾರ ವಾಂತಿ ಶುರುವಾಯ್ತು, ಶನಿವಾರ ರಕ್ತ ಭೇದಿ. ಪಶು ಆಸ್ಪತ್ರೆಗೆ ಒಯ್ದಾಗ ಡಾಕ್ಟರ್ ಮೊದಲು ನೋಡಿದ್ದು ಹಲ್ಲು. "ಇದಕ್ಕ ಎರಡು ತಿಂಗಳ ಆಗಿಲ್ಲ. ಐದು ವಾರ ಆಗಿದ್ರ ಹೆಚ್ಚು" ಅಂದ್ರು. ಕಾಯಿಲೆ ಪಾರ್ವೊ. ಮೂರು ದಿನ ಸಲೈನ್ ಹಾಕಿದರೂ ಮಂಗಳವಾರ ಬೆಳಗ್ಗೆ ಮರಿ ಹೋಯ್ತು. ಅಕ್ಕನ ಮಗ ಎರಡು ದಿನ ಊಟ ಬಿಟ್ಟ.

ಅಂಗಡಿಗೆ ಕೇಳೋಕೆ ಹೋದವ ನಾನೇ. ಜಗಳ ಆಗಲಿಲ್ಲ. "ನೀವು ಏನ್ ತಿನ್ನಿಸೀರೋ ಏನೋ, ನಮ್ಮಲ್ಲಿ ಇದ್ದಾಗ ಆರಾಮ ಇತ್ರಿ" ಅಂದರು. ರಸೀದಿ ಇರಲಿಲ್ಲ. ಕಾರ್ಡಿನಲ್ಲಿ ಡಾಕ್ಟರ್ ಸಹಿ ಇತ್ತು, ಹೆಸರು ಇರಲಿಲ್ಲ. ಯಾವ ಲಸಿಕೆ ಅನ್ನೋ ಸ್ಟಿಕರ್ ಕೂಡ ಇರಲಿಲ್ಲ. ನಿಜ ಹೇಳಬೇಕಂದ್ರೆ ಮರಿಗೆ ಕಾಯಿಲೆ ನಮ್ಮ ಮನೆಯಲ್ಲೇ ತಗುಲಿರಲೂಬಹುದು. ಪಾರ್ವೊ ಮೈಗೆ ಸೇರಿ ಲಕ್ಷಣ ತೋರಿಸೋಕೆ ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಅಂಗಡಿಯಲ್ಲೇ ತಗುಲಿತ್ತು ಅಂತ ನಾನು ಸಾಬೀತು ಮಾಡಲಾರೆ, ಇಲ್ಲ ಅಂತ ಅವರೂ ಸಾಬೀತು ಮಾಡಲಾರರು. ಯಾಕಂದ್ರೆ ದಾಖಲೆ ಅನ್ನೋದೇ ಇಲ್ಲ.

ಹಾಗಾದ್ರೆ ದಾಖಲೆ ಇಡಬೇಕು ಅಂತ ಕಾನೂನಿದೆಯಾ? ಇದೆ. ಅದೂ ಒಂದಲ್ಲ, ಎರಡು.

ನಿಯಮ ಏನು ಹೇಳುತ್ತೆ?

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವ, ಕಾನೂನು ಓದಿದವನಲ್ಲ. ಆದರೆ ಈ ಎರಡೂ ನಿಯಮದ ಪಿಡಿಎಫ್ ಮೊಬೈಲಿನಲ್ಲೇ ಸಿಗುತ್ತೆ, ಒಂದು ಸಂಜೆ ಕೂತರೆ ಓದಿ ಮುಗಿಯುತ್ತೆ.

ಒಂದು, 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮ. ಇನ್ನೊಂದು, 2018ರ ಸೆಪ್ಟೆಂಬರಿನಲ್ಲಿ ಬಂದ ಪೆಟ್ ಶಾಪ್ ನಿಯಮ. ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬರುತ್ತವೆ.

ಇವುಗಳ ಪ್ರಕಾರ ನಾಯಿ ಸಾಕಿ ಮರಿ ಮಾರೋರು, ಅಂಗಡಿ ಇಟ್ಟು ಮಾರೋರು ಇಬ್ಬರೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಲೇಬೇಕು. ಶುಲ್ಕ 5 ಸಾವಿರ ರೂಪಾಯಿ. ಪ್ರಮಾಣ ಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮರಿಗೆ ಮೈಕ್ರೋಚಿಪ್ ಹಾಕಿಸಬೇಕು. ಯಾವ ಪ್ರಾಣಿ ಎಲ್ಲಿಂದ ಬಂತು, ಯಾರಿಗೆ ಹೋಯ್ತು, ಎಷ್ಟು ಸತ್ತವು ಅನ್ನೋದಕ್ಕೆ ರಿಜಿಸ್ಟರ್ ಇಡಬೇಕು. 18 ವರ್ಷದ ಒಳಗಿನವರಿಗೆ ಪ್ರಾಣಿ ಮಾರುವಂತಿಲ್ಲ.

ತಾಯಿ ನಾಯಿಯ ಬಗ್ಗೆಯೂ ಲೆಕ್ಕ ಇದೆ. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಗೆ ಗಂಡು ಬಿಡುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಇಡೀ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಮಾಡಿಸುವಂತಿಲ್ಲ.

ಗಮನಿಸಬೇಕಾದ ಇನ್ನೊಂದು ಮಾತು: 'ಬ್ರೀಡರ್' ಅನ್ನೋ ಪದಕ್ಕೆ 2017ರ ನಿಯಮ ಕೊಟ್ಟಿರೋ ಅರ್ಥ ದೊಡ್ಡದು. ಸಾಕುವವರಷ್ಟೇ ಅಲ್ಲ, ಮಧ್ಯವರ್ತಿ, ವ್ಯಾಪಾರಿ ಕೂಡ ಅದರಲ್ಲೇ ಬರ್ತಾರೆ. ಅಂದ್ರೆ ಅಂಗಡಿ ಇಲ್ಲ, ಬರೀ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಮರಿ ಫೋಟೋ ಹಾಕಿ ಮಾರ್ತೀನಿ ಅನ್ನೋರಿಗೂ ವಿನಾಯಿತಿ ಇಲ್ಲ.

ಎಂಟು ವಾರ ಯಾಕೆ?

ಕೆಲವರಿಗೆ ಇದು ಸುಮ್ಮನೆ ಬರೆದ ಲೆಕ್ಕ ಅನ್ನಿಸಬಹುದು. ಹಾಗಲ್ಲ. ಮರಿಗೆ ಮೊದಲ ವಾರಗಳಲ್ಲಿ ಕಾಯಿಲೆ ತಡೆಯೋ ಶಕ್ತಿ ಬರೋದು ತಾಯಿ ಹಾಲಿನಿಂದ. ಆ ಶಕ್ತಿ ನಿಧಾನಕ್ಕೆ ಇಳೀತಾ ಬರುತ್ತೆ. ಆರರಿಂದ ಎಂಟು ವಾರದ ಹೊತ್ತಿಗೆ ಮೊದಲ ಲಸಿಕೆ ಹಾಕ್ತಾರೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದು ಬೂಸ್ಟರ್, ಹದಿನಾರು ವಾರದವರೆಗೆ. ಈ ನಡುವಿನ ದಿನಗಳೇ ಅಪಾಯದ್ದು. ತಾಯಿಯ ರಕ್ಷಣೆ ಹೋಗಿರುತ್ತೆ, ಲಸಿಕೆಯ ರಕ್ಷಣೆ ಪೂರ್ತಿ ಬಂದಿರಲ್ಲ. ಅಂಥ ಹೊತ್ತಲ್ಲಿ ಮರಿಯನ್ನ ತಾಯಿಯಿಂದ ಕಿತ್ತು, ರಾತ್ರಿಯಿಡೀ ಪ್ರಯಾಣ ಮಾಡಿಸಿ, ಬೇರೆ ಬೇರೆ ಕಡೆಯಿಂದ ಬಂದ ಹತ್ತು ಮರಿಗಳ ಜೊತೆ ಒಂದೇ ಪಂಜರದಲ್ಲಿ ಇಟ್ಟರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ಪಾರ್ವೊ ವೈರಸ್ ನೆಲ, ಪಂಜರ, ಬಟ್ಟಲಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಒಂದು ಮರಿ ಸತ್ತ ಪಂಜರಕ್ಕೆ ಸರಿಯಾಗಿ ತೊಳೆಯದೆ ಇನ್ನೊಂದು ಮರಿ ತಂದು ಬಿಟ್ಟರೆ ಅದರ ಗತಿಯೂ ಅಷ್ಟೇ.

ಆದರೂ ಐದು ವಾರದ ಮರಿ ಯಾಕೆ ಅಂಗಡಿಗೆ ಬರುತ್ತೆ? ಉತ್ತರ ಸರಳ. ಚಿಕ್ಕ ಮರಿ ಮುದ್ದಾಗಿ ಕಾಣುತ್ತೆ, ಬೇಗ ಮಾರಾಟ ಆಗುತ್ತೆ. ದಿನಕ್ಕೊಂದು ದಿನ ಬೆಳೆದ ಹಾಗೆ ಊಟದ ಖರ್ಚು, ಲಸಿಕೆ ಖರ್ಚು ಸಾಕಿದವರ ತಲೆ ಮೇಲೆ. ಮೂರು ವಾರ ಮೊದಲೇ ಮಾರಿದರೆ ಆ ಖರ್ಚೂ, ಸಾಯೋ ಅಪಾಯವೂ ಕೊಂಡವರ ಮನೆಗೆ ವರ್ಗ ಆಗುತ್ತೆ. ಅಕ್ಕನ ಮನೆಯಲ್ಲಿ ಆಗಿದ್ದು ಇದೇ.

ನೂರು ರೂಪಾಯಿಯ ಹೆದರಿಕೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ನಿಯಮ ಮುರಿದ್ರೆ ಶಿಕ್ಷೆ ಏನು?

1960ರ ಕಾಯ್ದೆಯ 38ನೇ ಕಲಂ ಪ್ರಕಾರ, ಆ ಕಲಂ ಅಡಿ ಮಾಡಿದ ನಿಯಮ ಮುರಿದವರಿಗೆ ನೂರು ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 11ನೇ ಕಲಂ, ಅಂದ್ರೆ ಹೊಡೆಯೋದು, ಉಪವಾಸ ಕೆಡವೋದು, ಬೀದಿಗೆ ಬಿಟ್ಟು ಹೋಗೋದು ಇಂಥ ಹಿಂಸೆಗೆ ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹತ್ತರಿಂದ ಐವತ್ತು ರೂಪಾಯಿ. 1960ರಲ್ಲಿ ಐವತ್ತು ರೂಪಾಯಿಗೆ ಬೆಲೆ ಇತ್ತು. ಈಗ ಅಷ್ಟಕ್ಕೆ ಒಬ್ಬರ ಊಟವೂ ಹೊಟ್ಟೆ ತುಂಬ ಆಗಲ್ಲ. ದಂಡ ಹೆಚ್ಚಿಸೋಕೆ ಅಂತ 2022ರ ನವೆಂಬರಿನಲ್ಲಿ ಕೇಂದ್ರ ತಿದ್ದುಪಡಿ ಮಸೂದೆಯ ಕರಡು ಬಿಟ್ಟು ಜನರ ಅಭಿಪ್ರಾಯ ಕೇಳಿತ್ತು.

ಜೈಲು ಅಂತ ಇದೆಯಲ್ಲ ಅನ್ನಬಹುದು. ಆದರೆ ಕೇಸ್ ಹಾಕೋರು ಬೇಕಲ್ಲ? ನೋಂದಣಿ ಮಾಡೋ ಮಂಡಳಿ ಇರೋದು ಬೆಂಗಳೂರಲ್ಲಿ. ಇಲ್ಲಿ ರಾತ್ರಿ ಬಸ್ ಹತ್ತಿದ್ರೆ ಬೆಳಗ್ಗೆ ಮುಟ್ಟೋ ಊರು ಅದು. ಅಲ್ಲಿಂದ ಯಾರೂ ಬಂದು ನಮ್ಮ ಊರಿನ ಪಂಜರ ಎಣಿಸಲ್ಲ. ಇಲ್ಲಿ ಪಾಲಿಕೆ, ನಗರಸಭೆ, ಪುರಸಭೆಯವರು ಉದ್ದಿಮೆ ಪರವಾನಗಿ ಕೊಡ್ತಾರೆ. ಕಿರಾಣಿಗೆ ಕೊಟ್ಟ ಹಾಗೆ, ಮೊಬೈಲ್ ಅಂಗಡಿಗೆ ಕೊಟ್ಟ ಹಾಗೆ. ಪಶುಪಾಲನಾ ಇಲಾಖೆಯವರಿಗೆ ದನ, ಕುರಿ ಲಸಿಕೆಯೇ ಮುಗಿಯಲ್ಲ. ಪೊಲೀಸರಿಗೆ ದೂರು ಕೊಟ್ಟರೆ "ನಾಯಿ ಮರಿ ಸತ್ತದ್ದಕ್ಕ ಕೇಸಾ?" ಅನ್ನೋ ನೋಟ. ಎಲ್ಲರ ಕೈಗೂ ಒಂದೊಂದು ತುದಿ ಸಿಕ್ಕಿದೆ, ಹಗ್ಗ ಎಳೆಯೋರು ಯಾರೂ ಇಲ್ಲ.

ಹೋದ ತಿಂಗಳು ಜಿಲ್ಲೆಯ ಬೇರೆ ಬೇರೆ ಊರಲ್ಲಿ ನಾಲ್ಕು ಅಂಗಡಿಗೆ ಗಿರಾಕಿ ಥರ ಹೋಗಿದ್ದೆ. ಗೋಡೆ ಮೇಲೆ ದೇವರ ಫೋಟೋ ಇತ್ತು, ನಾಯಿ ಆಹಾರದ ಜಾಹೀರಾತು ಇತ್ತು. ಮಂಡಳಿಯ ಪ್ರಮಾಣ ಪತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಒಂದು ಕಡೆ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ: "ಐದು ಸಾವಿರ ಕಟ್ಟಾಕ ನಾವು ತಯಾರ ಅದೀವ್ರಿ. ಯಾರ ಕಡೆ ಹೋಗಬೇಕು, ಯಾರು ಬಂದು ನೋಡ್ತಾರ, ಅದನ್ನ ಯಾರೂ ಹೇಳಂಗಿಲ್ಲ. ಲೈಸೆನ್ಸ್ ಕೇಳಿದವರು ನೀವೇ ಮೊದಲನೇಯವರು." ಮರಿ ಎಲ್ಲಿಂದ ಬರುತ್ತೆ ಅಂದ್ರೆ, "ಪುಣೆ, ಬೆಂಗಳೂರು ಕಡೆಯಿಂದ. ಬುಟ್ಟ್ಯಾಗ ಹಾಕಿ ಕಳಸ್ತಾರ" ಅಂದರು. 1978ರ ಪ್ರಾಣಿ ಸಾಗಣೆ ನಿಯಮದಲ್ಲಿ, ನಾಯಿ ಸಾಗಿಸಬೇಕಂದ್ರೆ ಪ್ರಯಾಣಕ್ಕೆ ಯೋಗ್ಯ ಅಂತ ಪಶು ವೈದ್ಯರ ಪತ್ರ ಬೇಕು ಅಂತಿದೆ. ಅದನ್ನ ಕೇಳಿದಾಗ ಅವರು ನಕ್ಕರು ಅಷ್ಟೇ.

ಈ ಅಂಗಡಿಯವರನ್ನು ರಾಕ್ಷಸರು ಅಂತ ನಾನು ಬರೆಯಲ್ಲ. ಬಹಳ ಜನ ಸಾಲ ಮಾಡಿ ಅಂಗಡಿ ಹಾಕಿದ ನಮ್ಮ ವಯಸ್ಸಿನ ಹುಡುಗರೇ. ಕೇಳೋರೇ ಇಲ್ಲದಾಗ, ಸರಿಯಾಗಿ ಎಂಟು ವಾರ ಕಾದು, ಚಿಪ್ ಹಾಕಿಸಿ ಮಾರೋನ ಮರಿ ಮೂರು ಸಾವಿರ ಹೆಚ್ಚಿಗೆ ಬೀಳುತ್ತೆ. ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ನಿಯಮ ಪಾಲಿಸಿದವನಿಗೇ ನಷ್ಟ. ತಪಾಸಣೆ ಇಲ್ಲದಿದ್ದರೆ ಮೊದಲು ಮುಳುಗೋನು ಪ್ರಾಮಾಣಿಕ ವ್ಯಾಪಾರಿ.

ಸಾಕೋರ ಮೇಲೆ ಕಣ್ಣು, ಮಾರೋರ ಮೇಲಿಲ್ಲ

ನಾಯಿ ಬಗ್ಗೆ ಚರ್ಚೆ ನಮ್ಮಲ್ಲಿ ಕಡಿಮೆ ಏನಿಲ್ಲ. 2018ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಫ್ಲ್ಯಾಟಿಗೆ ಒಂದೇ ನಾಯಿ ಅಂತ ಉಪವಿಧಿ ತರೋಕೆ ಹೋಗಿ, ವಿರೋಧ ಬಂದ ಮೇಲೆ ಹಿಂದೆ ಸರಿಯಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನ ಅಪಾಯಕಾರಿ ಅಂತ ಪಟ್ಟಿ ಮಾಡಿ, ಮಾರಾಟಕ್ಕೆ ಪರವಾನಗಿ ಕೊಡಬೇಡಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ ಆ ಸುತ್ತೋಲೆ ರದ್ದು ಮಾಡಿತು. ಸಂಬಂಧಪಟ್ಟವರನ್ನ ಕೇಳದೆ ಹೊರಡಿಸಿದ್ದು ಅನ್ನೋದು ಕಾರಣಗಳಲ್ಲಿ ಒಂದು. 2025ರ ಆಗಸ್ಟ್‌ನಿಂದ ಸುಪ್ರೀಂ ಕೋರ್ಟಿನ ಬೀದಿ ನಾಯಿ ಆದೇಶಗಳ ಮೇಲೆ ಟಿವಿಯಲ್ಲಿ ದಿನಗಟ್ಟಲೆ ಜಗಳ ನಡೀತು.

ಇಷ್ಟರಲ್ಲೂ ಒಂದು ಪ್ರಶ್ನೆ ಹಿಂದೆಯೇ ಉಳೀತು. ದುಡ್ಡು ಕೊಟ್ಟು ತಂದ ನಾಯಿ ಬರೋದು ಎಲ್ಲಿಂದ, ಬೇಡ ಆದಾಗ ಹೋಗೋದು ಎಲ್ಲಿಗೆ? ಹಚ್ ಜಾಹೀರಾತು ಬಂದಾಗ ಎಲ್ಲರಿಗೂ ಪಗ್ ಬೇಕಾಯ್ತು. ಈಗ ರೀಲ್ಸ್ ನೋಡಿ ಹಸ್ಕಿ ಬೇಕು ಅಂತಾರೆ. ಹಿಮದ ನಾಡಿನ ನಾಯಿ, ಮೈಮೇಲೆ ಎರಡು ಪದರ ಕೂದಲು. ಏಪ್ರಿಲ್-ಮೇ ಬಂದ್ರೆ 40 ಡಿಗ್ರಿ ಮುಟ್ಟೋ ನಮ್ಮೂರಲ್ಲಿ ಅದರ ಪಾಡು ಏನು? 2022ರಲ್ಲಿ '777 ಚಾರ್ಲಿ' ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರೂ ಕಣ್ಣೀರು ಹಾಕಿದ್ರು. ಆ ಸಿನಿಮಾದ ಚಾರ್ಲಿ ಹಿಂಸೆ ಕೊಡೋ ಬ್ರೀಡರ್ ಕೈಯಿಂದ ತಪ್ಪಿಸಿಕೊಂಡು ಬಂದ ನಾಯಿ, ರಕ್ತಸಂಬಂಧದಲ್ಲೇ ಮರಿ ಮಾಡಿಸೋದರಿಂದ ಬರೋ ಕಾಯಿಲೆಯೇ ಅದರ ಕಥೆ. ಸಿನಿಮಾ ನೋಡಿ ಅತ್ತವರೇ ಹೊರಗೆ ಬಂದು, "ಚಾರ್ಲಿ ಥರದ್ದು ಮರಿ ಎಲ್ಲಿ ಸಿಗುತ್ತೆ, ಕಡಿಮೆ ರೇಟಿಗೆ?" ಅಂತ ಕೇಳಿದ್ದನ್ನ ನಾನೇ ಕೇಳಿದ್ದೀನಿ. ನಮ್ಮ ಅಕ್ಕನ ಮಗನಿಗೆ ಲ್ಯಾಬ್ರಡಾರೇ ಬೇಕು ಅನ್ನಿಸಿದ್ದೂ ಅದೇ ಸಿನಿಮಾದಿಂದ.

ಬೇರೆ ಕಡೆ ಏನು ಮಾಡಿದ್ರು?

ಹೊರದೇಶದಲ್ಲಿ ಕೆಲವರು ಅಂಗಡಿ ಮಾರಾಟವನ್ನೇ ನಿಲ್ಲಿಸಿದ್ದಾರೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಆರು ತಿಂಗಳ ಒಳಗಿನ ಮರಿಯನ್ನ ಮೂರನೆಯವರು ಮಾರುವಂತಿಲ್ಲ. ಕೊಳ್ಳೋರು ಸಾಕಿದವರ ಹತ್ತಿರವೇ ಹೋಗಬೇಕು, ಇಲ್ಲ ಆಶ್ರಯ ಕೇಂದ್ರದಿಂದ ತರಬೇಕು. ಲೂಸಿ ಅನ್ನೋ ನಾಯಿಯನ್ನ ಮರಿ ಹಾಕಿಸೋ ಫಾರ್ಮಿನಿಂದ ಬಿಡಿಸಿ ತಂದಿದ್ದರು, ಆ ಕಾನೂನಿಗೆ ಅದರದ್ದೇ ಹೆಸರು. ಫ್ರಾನ್ಸ್ 2024ರ ಜನವರಿಯಿಂದ ಅಂಗಡಿಯಲ್ಲಿ ನಾಯಿ, ಬೆಕ್ಕು ಮಾರಾಟ ನಿಲ್ಲಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರಿಂದ, ನ್ಯೂಯಾರ್ಕ್ ರಾಜ್ಯದಲ್ಲಿ 2024ರ ಡಿಸೆಂಬರಿನಿಂದ ಇದೇ ಥರದ ಕಾನೂನು ಇದೆ. ಅಮೆರಿಕದಲ್ಲಿ ಇದು ಮೇಲಿನಿಂದ ಶುರುವಾಗಿದ್ದಲ್ಲ. ಮೊದಲು ಸಣ್ಣ ಸಣ್ಣ ನಗರಸಭೆಗಳು ತಮ್ಮ ಊರಿಗೆ ನಿಯಮ ಮಾಡಿಕೊಂಡವು, ಆಮೇಲೆ ರಾಜ್ಯಗಳು ಹಿಂಬಾಲಿಸಿದವು.

ನಮ್ಮಲ್ಲಿ ನಾಳೆನೇ ಅಂಗಡಿ ಬಂದ್ ಮಾಡಿ ಅಂತ ನಾನು ಹೇಳಲ್ಲ. ಅಂಗಡಿಗಾದರೂ ಒಂದು ವಿಳಾಸ ಇದೆ, ಹೋಗಿ ಕೇಳಬಹುದು. ಅದನ್ನ ಮುಚ್ಚಿದರೆ ವ್ಯಾಪಾರ ಪೂರ್ತಿ ಮೊಬೈಲ್ ಒಳಗೆ ಹೋಗಿ ಕೂರುತ್ತೆ. ಬಸ್ ಸ್ಟ್ಯಾಂಡಿನಲ್ಲಿ ಮರಿ ಕೊಟ್ಟು, ದುಡ್ಡು ತಗೊಂಡು, ನಂಬರ್ ಬ್ಲಾಕ್ ಮಾಡಿ ಹೋಗ್ತಾರೆ. ಮೊದಲು ಇರೋ ನಿಯಮ ಊರ ಮಟ್ಟಕ್ಕೆ ಇಳಿಯಲಿ.

ಮುಧೋಳದ ಮಾತೇ ಬೇರೆ

ನಮ್ಮ ಜಿಲ್ಲೆಯಲ್ಲಿ ಈ ವಿಷಯ ಮಾತಾಡುವಾಗ ಒಂದು ಎಚ್ಚರ ಬೇಕು. ಮುಧೋಳ ನಾಯಿ ನಮ್ಮ ಹೆಮ್ಮೆ. 2005ರಲ್ಲಿ ಅಂಚೆ ಚೀಟಿ ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೆಸರು ಹೇಳಿದ್ರು. ತಿಮ್ಮಾಪುರದಲ್ಲಿ ಬೀದರ್ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆ ಭಾಗದ ಹಳ್ಳಿಗಳಲ್ಲಿ ಒಂದೆರಡು ಹೆಣ್ಣು ನಾಯಿ ಸಾಕಿ, ಕುನ್ನಿ ಮಾರಿ ಮನೆ ಖರ್ಚಿಗೆ ಆಸರೆ ಮಾಡಿಕೊಂಡ ಕುಟುಂಬಗಳಿವೆ.

ನಿಯಮದ ಅಕ್ಷರ ಹಿಡಿದು ಹೋದರೆ ಹೊಲದ ಮನೆಯಲ್ಲಿ ನಾಯಿ ಸಾಕಿದ ಅಜ್ಜನೂ ಬ್ರೀಡರ್, ಶೆಡ್ ಹಾಕಿ ಐವತ್ತು ನಾಯಿ ಕೂಡಿ ಹಾಕಿದವನೂ ಬ್ರೀಡರ್. ಇಬ್ಬರಿಗೂ 5 ಸಾವಿರ, ಇಬ್ಬರಿಗೂ ಬೆಂಗಳೂರಿನ ಅರ್ಜಿ. ಇದು ನ್ಯಾಯ ಅಲ್ಲ. ಅಜ್ಜನ ಮನೆಯಲ್ಲಿ ಕೊಳ್ಳೋರಿಗೆ ತಾಯಿ ನಾಯಿ ಕಣ್ಣೆದುರೇ ಕಾಣುತ್ತೆ. ಅಂಗಡಿ ಪಂಜರದಲ್ಲಿ ಕಾಣದೇ ಇರೋದು ಅದೇ. ಹಂಗಂತ ಅಜ್ಜನಿಗೆ ಪೂರ್ತಿ ವಿನಾಯಿತಿ ಕೊಡಿ ಅಂತಲೂ ಅಲ್ಲ. ಬೇಡಿಕೆ ಹೆಚ್ಚಾದ ಕಡೆ ಬೆರಕೆ ಮರಿಯನ್ನ ಮುಧೋಳ ಅಂತ ಮಾರೋರೂ ಹುಟ್ಟಿಕೊಳ್ತಾರೆ. ಚಿಪ್, ದಾಖಲೆ ಇದ್ದರೆ ತಳಿಗೂ ರಕ್ಷಣೆ, ಸಾಕಿದವರಿಗೂ ಒಳ್ಳೆ ಬೆಲೆ. ಇಲ್ಲಿ ಬೇಕಾಗಿರೋದು ಕೇಸ್ ಅಲ್ಲ, ಕ್ಯಾಂಪ್. ತಾಲೂಕು ಪಶು ಆಸ್ಪತ್ರೆಯವರು ಹಳ್ಳಿಗೇ ಹೋಗಿ, ಒಂದೇ ದಿನ ಅರ್ಜಿ ತುಂಬಿಸಿ, ಚಿಪ್ ಹಾಕಿ ಬರಬಹುದು. ಸಣ್ಣ ಸಾಕಣೆದಾರರಿಗೆ ಶುಲ್ಕ ಇಳಿಸಿ ಅಂತ ಜಿಲ್ಲೆಯಿಂದಲೇ ಸರ್ಕಾರಕ್ಕೆ ಬರೆಯಬಹುದು.

ಜಿಲ್ಲಾಡಳಿತ ಏನು ಮಾಡಬಹುದು?

'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಅನ್ನೋ ಮಾತು ನಡೆಯಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದಾದ ಹದಿನೆಂಟು ಕೆಲಸಗಳ ಪಟ್ಟಿ ಇದೆ. ಅದರಲ್ಲಿ ಹದಿನೈದನೇದು ದೊಡ್ಡಿ ಮತ್ತು ಪ್ರಾಣಿ ಹಿಂಸೆ ತಡೆ. ಇನ್ನು 2001ರ ನಿಯಮದಂತೆ ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಲೇಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಬೀದಿ ನಾಯಿ, ಜಾನುವಾರು ಸಾಗಣೆ ಬಗ್ಗೆ ಅಲ್ಲಿ ಮಾತಾಗುತ್ತೆ. ಪೆಟ್ ಶಾಪ್ ಕೂಡ ಒಂದು ವಿಷಯವಾಗಿ ಸೇರಲಿ.

ಹೊಸ ಕಾನೂನು ಬೇಡ, ಬಜೆಟ್ಟೂ ದೊಡ್ಡದು ಬೇಡ. ಮೂರು ಕೆಲಸ ಸಾಕು.

ಮೊದಲನೇದು, ಪ್ರಾಣಿ ಮಾರೋ ಅಂಗಡಿಯ ಉದ್ದಿಮೆ ಪರವಾನಗಿ ನವೀಕರಿಸುವಾಗ ಮಂಡಳಿಯ ನೋಂದಣಿ ಪತ್ರ ಕೇಳಬೇಕು. ಇಲ್ಲದಿದ್ದರೆ ಮೂರು ತಿಂಗಳು ಸಮಯ ಕೊಟ್ಟು, ಅರ್ಜಿ ಹಾಕೋಕೆ ಜಿಲ್ಲೆಯಲ್ಲೇ ಸಹಾಯ ಮಾಡಬೇಕು. ನೂರು ರೂಪಾಯಿ ದಂಡಕ್ಕೆ ಯಾರೂ ಹೆದರಲ್ಲ, ಅಂಗಡಿ ಬಾಗಿಲಿಗೆ ಬೀಗ ಬೀಳುತ್ತೆ ಅಂದ್ರೆ ಹೆದರ್ತಾರೆ.

ಎರಡನೇದು, ಪಶುಪಾಲನಾ ಇಲಾಖೆಯ ವೈದ್ಯರು ಆರು ತಿಂಗಳಿಗೊಮ್ಮೆ ಅಂಗಡಿಗೆ ಹೋಗಿ ಮರಿಗಳ ವಯಸ್ಸು, ಚಿಪ್, ರಿಜಿಸ್ಟರ್ ನೋಡಬೇಕು.

ಮೂರನೇದು, ನೋಂದಣಿ ಇರೋ ಅಂಗಡಿ ಮತ್ತು ಸಾಕಣೆದಾರರ ಪಟ್ಟಿಯನ್ನ ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಬೇಕು. ಆಗ ಕೊಳ್ಳೋರೇ ಅರ್ಧ ತಪಾಸಣೆ ಮಾಡ್ತಾರೆ.

ಕೊಳ್ಳೋ ಮೊದಲು ಇಷ್ಟು ಕೇಳಿ

- ಮಂಡಳಿಯ ನೋಂದಣಿ ಪತ್ರ ತೋರಿಸಿ ಅನ್ನಿ. ಕೆಸಿಐ ಪೇಪರ್ ಬೇರೆ, ಅದು ತಳಿಯ ದಾಖಲೆ ಅಷ್ಟೇ. ಮಾರಾಟದ ಪರವಾನಗಿ ಅಲ್ಲ.
- ಬಾಯಿ ತೆರೆದು ನೋಡಿ. ಎಂಟು ವಾರದ ಹೊತ್ತಿಗೆ 28 ಹಾಲು ಹಲ್ಲೂ ಬಂದಿರುತ್ತವೆ.
- ಲಸಿಕೆ ಕಾರ್ಡಿನಲ್ಲಿ ಬಾಟಲಿಯ ಸ್ಟಿಕರ್, ದಿನಾಂಕ, ವೈದ್ಯರ ಹೆಸರು, ನೋಂದಣಿ ಸಂಖ್ಯೆ ಇರಬೇಕು.
- ತಾಯಿ ನಾಯಿ ತೋರಿಸಿ ಅನ್ನಿ. 'ಆಗಲ್ಲ' ಅಂದ್ರೆ ಯಾಕೆ ಅಂತ ಯೋಚನೆ ಮಾಡಿ.
- ರಸೀದಿ ತಗೊಳ್ಳಿ, ದುಡ್ಡು ಆನ್‌ಲೈನ್ ಕಳಿಸಿ. ಮೋಸ ಆದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ.

ನಾವು ಇದ್ಯಾವುದನ್ನೂ ಕೇಳಿರಲಿಲ್ಲ. ಮರಿ ಮುದ್ದಾಗಿತ್ತು, ತಂದ್ವಿ. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಮೊನ್ನೆ ಆ ಅಂಗಡಿ ಮುಂದೆ ಹಾದು ಹೋದೆ. ಅದೇ ಪಂಜರದಲ್ಲಿ ಹೊಸ ಮರಿಗಳು. ಒಂದು ಹುಡುಗಿ ಅಪ್ಪನ ಕೈ ಜಗ್ಗಿ ಒಳಗೆ ಕರ್ಕೊಂಡು ಹೋಗ್ತಿದ್ದಳು. ಆ ಪಂಜರಕ್ಕೆ ಬೆಂಗಳೂರಿನ ಮಂಡಳಿ ಬರೋದು ದೂರದ ಮಾತು. ನಗರಸಭೆ ಆಫೀಸಿನಿಂದ ನಡ್ಕೊಂಡು ಬಂದ್ರೆ ಹತ್ತು ನಿಮಿಷ. ಬರೋರು ಯಾರು ಅನ್ನೋದನ್ನ ಜಿಲ್ಲಾಡಳಿತ ಹೇಳಬೇಕು.